ಸಿಕ್ಯೂ ಮತ್ತು ಅಜ್ಜಿಯ ಜಪ

ಹ್ಯಾಮ್ ರೇಡಿಯೋವನ್ನು ಶಾಲೆಗೆ ಒಯ್ಯುವಾಗ ಹೆಡ್‌ಮಾಸ್ಟರರಿಗೆ ನಾವೆಲ್ಲ ಒಂದೇ ಪಾಠ ಒಪ್ಪಿಸುತ್ತೇವೆ: ನೆರೆ ಬಂದಾಗ, ಮೊಬೈಲ್ ಟವರ್ ಬಿದ್ದಾಗ ಇದು ಉಪಯೋಗಕ್ಕೆ ಬರುತ್ತದೆ. ಸುಳ್ಳೇನಲ್ಲ. 2004ರ ಸುನಾಮಿಯಲ್ಲಿ ಪೋರ್ಟ್ ಬ್ಲೇರ್‌ನಿಂದ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದವರಲ್ಲಿ ಆ ಹೊತ್ತಿಗೆ ಅಲ್ಲಿದ್ದ ಹ್ಯಾಮ್‌ಗಳೂ ಇದ್ದರು. ಆದರೆ ನೆರೆ ಬರಲಿ ಎಂದು ಕಾದುಕೊಂಡು ಯಾವ ಮಗುವೂ ಮೋರ್ಸ್ ಸಂಕೇತ ಕಲಿಯುವುದಿಲ್ಲ.

ನನ್ನ ಸಾಮಾನು ಹೆಚ್ಚೇನಿಲ್ಲ. ಪ್ಲೈವುಡ್ ತುಂಡಿಗೆ ಸ್ಕ್ರೂ ಹಾಕಿದ ಹಿತ್ತಾಳೆ ಕೀ, 555 ಐಸಿಯ ಪುಟ್ಟ ಸರ್ಕ್ಯೂಟು, ಸ್ಪೀಕರು, ಒಂಬತ್ತು ವೋಲ್ಟಿನ ಬ್ಯಾಟರಿ. ಮಕ್ಕಳು ಮೊದಲು ಬಾರಿಸುವುದು ತಮ್ಮತಮ್ಮ ಹೆಸರನ್ನೇ. ಚುಕ್ಕೆಯೆಂದರೆ ಲಘು, ಗೀಟೆಂದರೆ ಗುರು ಅಂದುಕೊಳ್ಳಿ ಎಂದರೆ ಛಂದಸ್ಸು ಕಲಿತ ಹೈಸ್ಕೂಲಿನವರಿಗೆ ಥಟ್ಟನೆ ಹಿಡಿಯುತ್ತದೆ. ಒಂದು ಶಾಲೆಯಲ್ಲಿ ಕನ್ನಡ ಪಂಡಿತರು ತಕರಾರು ತೆಗೆದರು: ಗುರುವಿಗೆ ಎರಡೇ ಮಾತ್ರೆ, ನಿಮ್ಮ ಗೀಟು ಮೂರು ಚುಕ್ಕೆಯಷ್ಟು ಉದ್ದ ಇದೆಯಲ್ಲ! ಅವರ ಲೆಕ್ಕವೇ ಸರಿ, ಒಪ್ಪಿಕೊಂಡೆ.

ಅದೇ ಶಾಲೆಯಲ್ಲಿ ಮಾವಿನ ಮರಕ್ಕೂ ಕಟ್ಟಡದ ಮೂಲೆಗೂ ಡೈಪೋಲ್ ಆಂಟೆನಾ ಕಟ್ಟಿದೆವು. 40 ಮೀಟರ್ ಬ್ಯಾಂಡಿಗೆ ಆ ಕಡೆ ಹತ್ತು ಮೀಟರು, ಈ ಕಡೆ ಹತ್ತು ಮೀಟರು ತಂತಿ ಬೇಕು. ಮಧ್ಯಾಹ್ನ ಈ ಬ್ಯಾಂಡ್ ಬಹಳ ದೂರ ಓಡುವುದಿಲ್ಲ. ಅಯಾನುಗೋಳದ ಕೆಳಪದರ ಬಿಸಿಲಿನಲ್ಲಿ ಅಲೆಯನ್ನು ಹೀರಿಕೊಳ್ಳುತ್ತದೆ. ಮಕ್ಕಳಿಗೆ ಪರವಾನಗಿಯಿಲ್ಲ, ಹನ್ನೆರಡು ತುಂಬಿದ ಮೇಲೆ ಪರೀಕ್ಷೆ ಕಟ್ಟಬೇಕು. ಹಾಗಾಗಿ ಅವರದು ಕೇಳುವ ಕೆಲಸ, ಕೀ ನನ್ನ ಕೈಯಲ್ಲಿ. ಡಾ-ಡಿ-ಡಾ-ಡಿಟ್, ಡಾ-ಡಾ-ಡಿ-ಡಾ. ಸಿಕ್ಯೂ, ಅಂದರೆ ಯಾರಾದರೂ ಇದ್ದೀರಾ. ಹೈದರಾಬಾದಿನ ಕಡೆಯವರೊಬ್ಬರು ಸಿಕ್ಕರು. ನನ್ನ ಕರೆಸಂಕೇತ, ಅವರದು, ಕೇಳಿಸಿದ್ದಕ್ಕೆ 599 ಎಂಬ ಅಂಕ, ಹೆಸರು, ಊರು, ಕೊನೆಗೆ ಶುಭಾಶಯದ 73. ಮುಗಿಯಿತು.

ಏಳನೇ ತರಗತಿಯ ಹುಡುಗಿ ಕೇಳಿದಳು: "ಇಷ್ಟೇನಾ ಸಾರ್? ನೀವಿಬ್ರೂ ಏನೂ ಹೇಳ್ಲೇ ಇಲ್ವಲ್ಲ."

ರಾಜಕೀಯ, ಧರ್ಮ, ವ್ಯಾಪಾರ ಮಾತಾಡಬಾರದೆಂಬುದು ಹ್ಯಾಮ್‌ಗಳು ಪಾಲಿಸಿಕೊಂಡು ಬಂದ ಶಿಸ್ತು. ಅಷ್ಟನ್ನೂ ತೆಗೆದರೆ ಉಳಿಯುವುದು 'ನೀನು ಕೇಳಿಸಿದೆ' ಎಂಬುದೊಂದೇ. ಅವಳಿಗೆ 1844ರ ಮೇ 24ರ ಕತೆ ಹೇಳಿದೆ. ಸ್ಯಾಮುಯೆಲ್ ಮೋರ್ಸ್ ಅಂದು ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ತಂತಿ ಕಳಿಸಿದ್ದು ಬೈಬಲಿನ ಅರಣ್ಯಕಾಂಡದ ಒಂದು ವಾಕ್ಯ, ದೇವರ ಕೃತ್ಯಕ್ಕೆ ಬೆರಗಾಗುವ ಮಾತು. ಅತ್ತ ಕೂತಿದ್ದ ಆಲ್ಫ್ರೆಡ್ ವೇಲ್ ಅದೇ ವಾಕ್ಯವನ್ನು ಇದ್ದ ಹಾಗೇ ತಿರುಗಿ ಕಳಿಸಿದ. ಹೊಸ ಸುದ್ದಿ ಒಂದಕ್ಷರವಿಲ್ಲ. ಆದರೂ ವಾಷಿಂಗ್ಟನ್ನಿನಲ್ಲಿ ನೆರೆದವರಿಗೆ ಬೇಕಾಗಿದ್ದು ಅದೇ.

ಪಂಡಿತರಿಗೆ ಇದು ಹಿಡಿಸಿತು. "ಜಪವೂ ಹೀಗೇ ಅಲ್ವೇ? ನಾಮದಲ್ಲಿ ಸಮಾಚಾರ ಏನಿದೆ? ವ್ಯತ್ಯಾಸ ಒಂದೇ, ಜಪ ಮಾಡುವವನು ಉತ್ತರ ಬಯಸಬಾರದು, ಅದು ನಿಷ್ಕಾಮ" ಎಂದರು.

"ನಮ್ಮಜ್ಜಿ ಕಾಯ್ತಾರೆ ಸಾರ್" ಎಂದಳು ಹುಡುಗಿ. "ದಿನಾ ಜಪ ಮಾಡ್ತಾರೆ, ಇನ್ನೂ ಬರ್ಲಿಲ್ಲ ಅಂತಾರೆ. ದೇವ್ರು ಯಾಕೆ ಒಂದ್ಸಲ 599 ಅಂತ ಕಳ್ಸಲ್ಲ?"

ಪಂಡಿತರು ನಕ್ಕರು. ನನಗೆ ನಗು ಬರಲಿಲ್ಲ. 599 ಎಂದರೆ ಸ್ಪಷ್ಟತೆಗೆ ಐದು, ಬಲಕ್ಕೆ ಒಂಬತ್ತು, ನಾದಕ್ಕೆ ಒಂಬತ್ತು, ಪೂರ್ತಿ ಅಂಕ. ರೇಡಿಯೋ ಸ್ಪರ್ಧೆಗಳಲ್ಲಿ ಅದನ್ನು ಎಲ್ಲರಿಗೂ ಕಣ್ಣು ಮುಚ್ಚಿ ಹಂಚುತ್ತಾರೆ. 599 ಕೊಟ್ಟ ಮರುಕ್ಷಣವೇ 'ನಿನ್ನ ಕರೆಸಂಕೇತ ಇನ್ನೊಮ್ಮೆ ಹೇಳು' ಅನ್ನುವವರಿದ್ದಾರೆ. ಆದ್ದರಿಂದ ಅಂಕ ನಂಬುವಂಥದ್ದಲ್ಲ. ನನ್ನ ಕರೆಸಂಕೇತ ತಪ್ಪಿಲ್ಲದೆ ಹಿಂತಿರುಗಿದರೆ ಮಾತ್ರ ಅತ್ತ ಯಾರೋ ಇದ್ದಾರೆಂದು ಲೆಕ್ಕ. ಹುಡುಗಿಗೆ ಇದನ್ನು ಹೇಳಿದೆ. ದೇವರ ವಿಷಯದಲ್ಲಿ ಇದು ಹೇಗೆ ಅನ್ವಯಿಸುತ್ತದೆಂದು ಹೇಳಹೋಗಲಿಲ್ಲ.

ಆದರೆ ನಿಷ್ಕಾಮದ ವಾದದಲ್ಲಿ ನನ್ನ ಮತ ಅಜ್ಜಿಗೇ. ನಡುವೆ ಬಿಡುವೇ ಕೊಡದೆ ಸಿಕ್ಯೂ ಬಾರಿಸುತ್ತಾ ಹೋಗುವ ಆಪರೇಟರುಗಳಿದ್ದಾರೆ. ಅವರಿಗೆ ಉತ್ತರ ಬಂದರೂ ಕೇಳಿಸದು, ಬ್ಯಾಂಡಿನಲ್ಲಿ ಅವರನ್ನು ಕಂಡರೆ ಯಾರಿಗೂ ಆಗದು. ಎರಡು ಮೂರು ಸಲ ಕರೆದು ಕೀ ಬಿಟ್ಟು ಕಿವಿಗೊಡಬೇಕು, ಪರಪರ ಸದ್ದಿನೊಳಗೆ ಹುಡುಕಬೇಕು. ಬಯಕೆಯಿಲ್ಲದವನು ಅಷ್ಟು ಹೊತ್ತು ಕಿವಿಗೊಟ್ಟು ಕೂರುವನೇ ಎಂದು ಪಂಡಿತರನ್ನು ಕೇಳಿದೆ. ಅವರು ಗೀತೆಯಿಂದ ಉತ್ತರ ಶುರುಮಾಡುವಷ್ಟರಲ್ಲಿ ಮುಂದಿನ ಪೀರಿಯಡ್ಡಿನ ಬೆಲ್ ಹೊಡೆಯಿತು. ಮಕ್ಕಳು ತಂತಿ ಸುತ್ತತೊಡಗಿದರು.