ಮಣ್ಣಿನ ಮನೆ ಮತ್ತು ಕಾಯಕ

ವಿಜಯದಶಮಿಯ ಜಂಬೂಸವಾರಿ ಮೈಸೂರಿನ ಬನ್ನಿಮಂಟಪವನ್ನು ಸೇರುವುದನ್ನು ಎಲ್ಲರೂ ಬಲ್ಲರು. ಆ ಹಬ್ಬಕ್ಕೆ ಮುನ್ನ, ಮಳೆಗೆ ಬಿರಿದ ಮಣ್ಣಿನ ಗೋಡೆಯನ್ನು ಮೆತ್ತಿ, ಸಗಣಿಯಿಂದ ನೆಲ ಸಾರಿಸಿ, ಸುಣ್ಣ ಬಳಿಯುವುದು ಸುತ್ತಣ ಹಳ್ಳಿಗಳ ವಾಡಿಕೆಯಾಗಿತ್ತು. ವರ್ಷವರ್ಷವೂ ಆರೈಕೆ ಬೇಡುವುದು ಮನೆಯ ದೋಷವೆ? ನಿತ್ಯವೂ ಸ್ನಾನ ಬೇಡುವುದು ದೇಹದ ದೋಷವಲ್ಲವಷ್ಟೆ. ಆದರೆ ಆ ದುಡಿಮೆಯ ಬಹುಭಾಗ ಹೆಣ್ಣುಮಕ್ಕಳ ಪಾಲಿಗೇ ಬಿದ್ದುದನ್ನು ಮರೆತು ಮಣ್ಣಿನ ಮನೆಯನ್ನು ಕೊಂಡಾಡುವುದು ನ್ಯಾಯವಲ್ಲ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು, ಮಣ್ಣಿಗೆ ತುಸು ಸಿಮೆಂಟು ಬೆರೆಸಿ, ಯಂತ್ರದಿಂದ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿತು. ಇದರಿಂದ ಸೌದೆ ಉಳಿಯುತ್ತದೆ, ಗೋಡೆಯೂ ಮಳೆಯನ್ನು ತಾಳುತ್ತದೆ. ಉಳಿದ ಆರೈಕೆಯನ್ನು ಮನೆಮಂದಿಯೆಲ್ಲ ಹಂಚಿಕೊಂಡರೆ ಅದು ಕಾಯಕ. ಒಬ್ಬಳ ಮೇಲೆ ಹೊರಿಸಿದರೆ ಬರಿಯ ಚಾಕರಿ. ಮನೆ ಕಟ್ಟಹೊರಟ ಭಕ್ತರು ಮೊದಲು ಇದನ್ನು ವಿಚಾರಿಸಬೇಕು.