ಒಂದೇ ಶಾಲೆಯ ಇಬ್ಬರು

ಬಿಷಪ್ ಕಾಟನ್ 1859ರಲ್ಲಿ ಸ್ಥಾಪಿಸಿದ ಶಿಮ್ಲಾದ ಶಾಲೆಗೆ, ಕೆಡುಕನ್ನು ಒಳಿತಿನಿಂದಲೇ ಗೆಲ್ಲಬೇಕೆಂಬ ಬೈಬಲ್ಲಿನ ಆದರ್ಶವೇ ಧ್ಯೇಯವಾಕ್ಯ. ಅಲ್ಲಿ ಓದಿದ ರಸ್ಕಿನ್ ಬಾಂಡ್ ಮರ, ಹಕ್ಕಿ, ಬೆಟ್ಟದೂರಿನ ಸಾಮಾನ್ಯ ಜನರ ಬಗ್ಗೆ ಅಕ್ಕರೆಯಿಂದ ಬರೆದರು.

ಬಾಲ್ಯದಲ್ಲಿ ಅಲ್ಲೇ ಕಲಿತ ಇನ್ನೊಬ್ಬ ರೆಜಿನಾಲ್ಡ್ ಡಯರ್.

1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಅವನ ಸೈನಿಕರು ಎಚ್ಚರಿಕೆಯನ್ನೂ ಕೊಡದೆ, ಜನ ದಟ್ಟವಾಗಿದ್ದ ಕಡೆಗೇ ಗುರಿಯಿಟ್ಟು 1,650 ಸುತ್ತು ಗುಂಡು ಹಾರಿಸಿದರು. ಆ ಗೋಲಿಬಾರಿನ ವಿಚಾರಣೆ ನಡೆಸಿದ ಹಂಟರ್ ಸಮಿತಿಯ ಮುಂದೆ ಅವನು ಅದನ್ನು ಕರ್ತವ್ಯವೆಂದೇ ಸಮರ್ಥಿಸಿಕೊಂಡ. ತಾನೇ ಕೆಡುಕನ್ನು ಅಡಗಿಸುತ್ತಿದ್ದೇನೆಂದು ನಂಬಿದವನನ್ನು ಯಾವ ಧ್ಯೇಯವಾಕ್ಯ ತಡೆದೀತು?

ಬಾಂಡ್ ಅವರ ಕೀರ್ತಿಯಲ್ಲಿ ಶಾಲೆಗೆ ಪಾಲಿದ್ದರೆ ಡಯರನ ಕೃತ್ಯದಲ್ಲೂ ಇರಬೇಕಲ್ಲ? ಕರ್ಮಸಿದ್ಧಾಂತ ಹೊಣೆಯನ್ನು ಮಾಡಿದವನ ಹೆಗಲಿಗೇ ಹೊರಿಸುತ್ತದೆ, ಅದು ಸರಿಯೇ. ಆದರೆ ಡಯರನಿಗಾಗಿ ಲಂಡನ್ನಿನ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆ ನಿಧಿ ತೆರೆದಾಗ 26,000 ಪೌಂಡ್ ಹರಿದುಬಂತು. ಕೊಟ್ಟವರೂ ಅದೇ ಬೈಬಲ್ ಕೇಳಿ ಬೆಳೆದ ಸಮಾಜದವರು.