ಉಳಿದ ಒಂಬತ್ತು ಮಂದಿ ಎಲ್ಲಿ?

ಸಾಧಾರಣ ಕಾಲದ 28ನೇ ಭಾನುವಾರದ ಚಿಂತನೆ
ಶುಭಸಂದೇಶ: ಲೂಕ 17:11-19



ಇಂದಿನ ಶುಭಸಂದೇಶದ ಘಟನೆ ನಡೆದದ್ದು ಒಂದು ಗಡಿಯಲ್ಲಿ. ಪ್ರಭು ಯೇಸು ಜೆರುಸಲೇಮಿಗೆ ಹೋಗುತ್ತಾ ಸಮಾರಿಯ ಮತ್ತು ಗಲಿಲೇಯ ಪ್ರಾಂತ್ಯಗಳ ನಡುವೆ ಹಾದುಹೋಗುತ್ತಿದ್ದರು. ಗಡಿಯ ಬದುಕು ಎಂಥದ್ದೆಂದು ಜತ್ ತಾಲೂಕಿನವರಿಗೆ, ಶೇಗಾಂವದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ.

ಆ ಗಡಿಯಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಒಟ್ಟಾಗಿದ್ದರು. ಅವರಲ್ಲಿ ಒಬ್ಬ ಸಮಾರಿಯದವನು. ಯೆಹೂದ್ಯರಿಗೂ ಸಮಾರಿಯದವರಿಗೂ ಹೊಕ್ಕುಬಳಕೆ ಇರಲಿಲ್ಲ. ಆದರೂ ಕಾಯಿಲೆ ಅವರನ್ನು ಒಂದುಗೂಡಿಸಿತ್ತು. ಹತ್ತೂ ಮಂದಿ ಒಂದೇ ದನಿಯಲ್ಲಿ ದಯೆ ಬೇಡಿದರು, ಹತ್ತೂ ಮಂದಿ ಗುಣವಾದರು. ಆದರೆ ದೇವರನ್ನು ಕೊಂಡಾಡುತ್ತಾ ಹಿಂದಿರುಗಿ ಬಂದವನು ಒಬ್ಬನೇ. ಅವನು ಆ ಸಮಾರಿಯದವನು.

ಇದು ನಮ್ಮದೇ ಕಥೆ. ಬರಗಾಲದಲ್ಲಿ ನೀರಿನ ಟ್ಯಾಂಕರ್ ಮುಂದೆ ಎಲ್ಲರ ಕೊಡಗಳೂ ಒಂದೇ ಸಾಲಿನಲ್ಲಿ ಇರುತ್ತವೆ. ಮಳೆ ಬಂದ ಮೇಲೆ ಅವರವರ ಹೊಲ ಅವರವರಿಗೆ, ಬದುವಿಗಾಗಿ ಜಗಳ. ಕಷ್ಟದಲ್ಲಿ ಕೂಡಿ ಬೇಡಿದವರು ಸುಖದಲ್ಲಿ ಕೂಡಿ ಸ್ತುತಿಸುವುದನ್ನು ಮರೆಯುತ್ತೇವೆ.

ಹಿಂದಿರುಗಿ ಬಂದವನಿಂದ ಮೊದಲ ಪಾಠ ಕಲಿಯೋಣ. ಇತರರು ಬರಲಿ ಎಂದು ಅವನು ಕಾಯಲಿಲ್ಲ. ದೇವರನ್ನು ಮಹಿಮೆಪಡಿಸುವುದು ಒಬ್ಬೊಬ್ಬರ ಹೃದಯದಲ್ಲಿ ಆರಂಭವಾಗಬೇಕು. ತಿಂದರೂ ಕುಡಿದರೂ ಏನು ಮಾಡಿದರೂ ದೇವರ ಮಹಿಮೆಗಾಗಿ ಮಾಡಿರಿ ಎಂದು ಸಂತ ಪೌಲರು ಕೊರಿಂಥದವರಿಗೆ ಕಲಿಸಿದರು (1 ಕೊರಿಂಥ 10:31). ದಾಳಿಂಬೆಯ ಪೆಟ್ಟಿಗೆಯಲ್ಲಿ ಮೇಲೊಂದು ಕೆಳಗೊಂದು ಇಡದ ರೈತ, ಕೂಲಿಯನ್ನು ಹೇಳಿದ ದಿನವೇ ಕೊಡುವ ಯಜಮಾನ, ಸಂಬಳದ ಹಣವನ್ನು ಸಾರಾಯಿ ಅಂಗಡಿಗೆ ಹಾಕದೆ ಮನೆಗೆ ತರುವ ಗಂಡ ದೇವರನ್ನು ಮಹಿಮೆಪಡಿಸುತ್ತಾರೆ. ಇದಕ್ಕೆ ಹಾಡೂ ಬೇಡ, ಹಾರ್ಮೋನಿಯಂ ಬೇಡ.

ಹಾಗಾದರೆ ಚರ್ಚಿಗೆ ಏಕೆ ಬರಬೇಕು, ಮನೆಯಲ್ಲೇ ಪ್ರಾರ್ಥಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಪ್ರಭು ಯೇಸು ಬಂದವನನ್ನು ಮೆಚ್ಚಿದರು ನಿಜ. ಆದರೆ ಉಳಿದ ಒಂಬತ್ತು ಮಂದಿ ಎಲ್ಲಿ ಎಂದೂ ಕೇಳಿದರು. ಬಾರದವರನ್ನು ಅವರು ಲೆಕ್ಕ ಹಾಕಿದರು. ಒಬ್ಬನ ಸ್ತುತಿ ಎಷ್ಟು ದೊಡ್ಡದಾದರೂ ಒಂಬತ್ತು ಮಂದಿಯ ಜಾಗವನ್ನು ತುಂಬಲಾರದು.

ಪರಮಪ್ರಸಾದಕ್ಕೆ ಧರ್ಮಸಭೆಯಲ್ಲಿ ಹಿಂದಿನಿಂದಲೂ ಇರುವ ಗ್ರೀಕ್ ಹೆಸರು 'ಯೂಖರಿಸ್ತಿಯ'. ಕೃತಜ್ಞತೆ ಸಲ್ಲಿಸುವುದು ಎಂದು ಅದರ ಅರ್ಥ. ಆ ಸಮಾರಿಯದವನು ಪ್ರಭುವಿನ ಪಾದಕ್ಕೆರಗಿ ಮಾಡಿದ್ದನ್ನು ಸಂತ ಲೂಕರು ಇದೇ ಮೂಲದ ಪದದಿಂದ ಹೇಳಿದ್ದಾರೆ. ಅವನು ಅಂದು ಒಬ್ಬನೇ ಮಾಡಿದ್ದನ್ನು ನಾವು ಪ್ರತಿ ಭಾನುವಾರ ಬಲಿಪೂಜೆಯಲ್ಲಿ ಒಟ್ಟಾಗಿ ಮಾಡುತ್ತೇವೆ.

ಒಟ್ಟಾಗಿ ಮಾಡುತ್ತೇವೆಯೇ? ಹಾಡು ನಮ್ಮ ಭಾಷೆಯದ್ದಲ್ಲ ಎಂದು ಬಾಯಿ ಮುಚ್ಚಿ ನಿಲ್ಲುವವರಿದ್ದೇವೆ. ವಾಚನ ಮರಾಠಿಯಲ್ಲಿದ್ದರೆ ಕನ್ನಡದವರಿಗೆ ಬೇಸರ, ಕನ್ನಡದಲ್ಲಿದ್ದರೆ ಮರಾಠಿಯವರಿಗೆ ಬೇಸರ. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನಾ ವಿಧಿಯ ದಾಖಲೆ ಜನರ ಮಾತೃಭಾಷೆಗೆ ಬಾಗಿಲು ತೆರೆಯಿತು. ಎಲ್ಲರೂ ತಿಳಿದು ಪಾಲ್ಗೊಳ್ಳಲಿ ಎಂದೇ ಹೊರತು ಭಾಷೆಗೊಂದು ಗುಂಪಾಗಲಿ ಎಂದಲ್ಲ. ಊಟದ ವಿಷಯಕ್ಕೆ ಮನಸ್ತಾಪ ಮಾಡಿಕೊಂಡಿದ್ದ ರೋಮಿನ ಸಭೆಗೆ, ಒಂದೇ ಮನಸ್ಸಿನಿಂದ ಒಂದೇ ಬಾಯಿಂದ ದೇವರನ್ನು ಮಹಿಮೆಪಡಿಸಿರಿ, ಒಬ್ಬರನ್ನೊಬ್ಬರು ಸ್ವಾಗತಿಸಿರಿ ಎಂದು ಪೌಲರು ಬರೆದರು (ರೋಮ 15:6-7). ಪಕ್ಕದವರ ಹಾಡಿನ ಪಲ್ಲವಿಯನ್ನಾದರೂ ಕಲಿತು ಹಾಡುವುದು ಈ ಸ್ವಾಗತದ ಒಂದು ರೂಪ.

ಇನ್ನೊಂದು ಮಾತು. ದಸರಾ, ದೀಪಾವಳಿಯ ಹೊತ್ತಿಗೆ ನಮ್ಮ ಭಾಗದ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿ, ಮಕ್ಕಳನ್ನು ಕರೆದುಕೊಂಡು ಕಬ್ಬು ಕಡಿಯಲು ಹೊರಡುತ್ತವೆ. ಕಾರ್ಖಾನೆಯ ಹಂಗಾಮು ಮುಗಿಯುವವರೆಗೆ ಅವರಿಗೆ ಚರ್ಚು ದೂರ. ಗುಡಿಸಲಿನಲ್ಲಿ ನಸುಕಿಗೆ ಎದ್ದು ಶಿಲುಬೆಯ ಗುರುತು ಹಾಕಿ ಕೊಯ್ತ ಹಿಡಿಯುವವರ ಸ್ತುತಿಯನ್ನೂ ದೇವರು ಕೇಳುತ್ತಾರೆ. ಆದರೆ ಅವರು ಇಲ್ಲದ ಬೆಂಚು ನಮ್ಮನ್ನು ಪ್ರಶ್ನಿಸಬೇಕು. ಅವರಿಗೆ ವಾರಕ್ಕೊಮ್ಮೆ ಯಾರಾದರೂ ಫೋನ್ ಮಾಡುತ್ತೇವೆಯೇ? ಊರಲ್ಲಿ ಉಳಿದ ಅವರ ಅಜ್ಜ ಅಜ್ಜಿಯರನ್ನು ಭಾನುವಾರ ಕೈಹಿಡಿದು ಕರೆತರುತ್ತೇವೆಯೇ? ಭಕ್ತಾದಿಗಳ ಬಿನ್ನಹಗಳಲ್ಲಿ ಅವರನ್ನು ನೆನೆಯುತ್ತೇವೆಯೇ?

ಈ ವಾರ ಪ್ರತಿ ಮನೆಯವರೂ ಒಂದು ಕೆಲಸ ಮಾಡೋಣ. ಚರ್ಚಿಗೆ ಬರುವುದನ್ನು ಬಿಟ್ಟ ಒಬ್ಬರ ಮನೆಗೆ ಹೋಗೋಣ. ಬುದ್ಧಿ ಹೇಳಲು ಹೋಗುವುದು ಬೇಡ. ಚಹಾ ಕುಡಿದು, ಅವರ ಕಷ್ಟ ಕೇಳಿ, "ನೀವಿಲ್ಲದೆ ನಮಗೆ ಕೊರತೆ ಅನಿಸುತ್ತದೆ" ಎಂದಷ್ಟೇ ಹೇಳಿ ಬರೋಣ.

ಪ್ರಭುವೇ, ನಿಮ್ಮಿಂದ ಪಡೆದ ಮೇಲೆ ನಮ್ಮ ದಾರಿ ನಾವು ಹಿಡಿದದ್ದನ್ನು ಕ್ಷಮಿಸಿರಿ. ಹಿಂದಿರುಗಿ ಬರುವ ಮನಸ್ಸನ್ನು ನಮಗೆ ಕೊಡಿರಿ. ಬರುವಾಗ ಮತ್ತೊಬ್ಬರನ್ನೂ ಕರೆತರುವ ಪ್ರೀತಿಯನ್ನು ಕೊಡಿರಿ. ಆಮೆನ್.